ಭಾಸ್ಕರಾಚಾರ್ಯರ ಕುಟ್ಟಕ: ಹೆಸರು ಹೇಳದೆ ಸಹಿ ಹಾಕುವ ಲೆಕ್ಕ

ಭಾಸ್ಕರಾಚಾರ್ಯರ ಬಗ್ಗೆ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುವ ಸಂದೇಶಗಳು ಮುಖ್ಯವಾಗಿ ಎರಡು. ನ್ಯೂಟನ್‌ಗಿಂತ ಐನೂರು ವರ್ಷ ಮೊದಲೇ ಅವರು ಗುರುತ್ವಾಕರ್ಷಣೆಯನ್ನು ಕಂಡುಹಿಡಿದರು ಎಂಬುದು ಒಂದು. ಮಗಳು ಲೀಲಾವತಿಯ ಮದುವೆಯ ಮುಹೂರ್ತ ಒಂದು ಮುತ್ತಿನಿಂದ ತಪ್ಪಿಹೋಯಿತು ಎಂಬ ಕಥೆ ಇನ್ನೊಂದು. ಇವೆರಡನ್ನು ಹಂಚಿಕೊಳ್ಳುವ ಭರದಲ್ಲಿ ಒಂದು ದೊಡ್ಡ ಸಂಗತಿ ಹಿಂದೆ ಉಳಿದುಬಿಡುತ್ತದೆ. ಅವರು ತಮ್ಮ ಪುಸ್ತಕಗಳಲ್ಲಿ ಬಿಡಿಸಿ ಕಲಿಸಿದ ಕುಟ್ಟಕ ಎಂಬ ಲೆಕ್ಕ ಇವತ್ತಿನ ಡಿಜಿಟಲ್ ಸಹಿಯೊಳಗೆ ಕೆಲಸ ಮಾಡುತ್ತಿದೆ.

ಅದೇ ಲೆಕ್ಕವನ್ನು ಜಾಣತನದಿಂದ ಬಳಸಿದರೆ, ಮೊಬೈಲ್‌ನಿಂದ ಮಾಹಿತಿ ಕಳಿಸುವ ವ್ಯಕ್ತಿ ತನ್ನ ಹೆಸರು ಹೇಳದೆಯೇ ತಾನು ನಂಬತಕ್ಕವನು ಎಂದು ತೋರಿಸಬಹುದು. ಭಾಸ್ಕರಾಚಾರ್ಯರು ಯಾರು, ಅವರ ಲೆಕ್ಕ ಯಾವುದು, ಅದು ತಾಳಗುಪ್ಪದ ಒಬ್ಬ ಸಾಮಾನ್ಯ ಮೊಬೈಲ್ ಬಳಕೆದಾರರಿಗೆ ಏಕೆ ಮುಖ್ಯ ಎಂಬುದನ್ನು ನಾವು ಒಂದೊಂದಾಗಿ ನೋಡೋಣ.

ಹುಟ್ಟಿದ ವರ್ಷ ಗೊತ್ತು, ಊರು ಮಾತ್ರ ವಿವಾದ

ನಮ್ಮ ಪ್ರಾಚೀನ ವಿದ್ವಾಂಸರಲ್ಲಿ ಹೆಚ್ಚಿನವರ ಕಾಲವನ್ನು ಊಹಿಸಬೇಕು. ಭಾಸ್ಕರಾಚಾರ್ಯರ ವಿಷಯದಲ್ಲಿ ಆ ಕಷ್ಟವಿಲ್ಲ. ತಾವು ಹುಟ್ಟಿದ್ದು ಶಕ 1036ರಲ್ಲಿ, ಪುಸ್ತಕ ಬರೆದದ್ದು 36ನೇ ವಯಸ್ಸಿನಲ್ಲಿ ಎಂದು ಅವರೇ ದಾಖಲಿಸಿದ್ದಾರೆ. ಈಗಿನ ಲೆಕ್ಕದಲ್ಲಿ ಹುಟ್ಟು 1114, ಪುಸ್ತಕ 1150. ತಂದೆಯ ಹೆಸರು ಮಹೇಶ್ವರ. ತಂದೆಯೇ ಗುರು. ಮನೆತನವೇ ಜ್ಯೋತಿಷ, ಗಣಿತ, ಕಾವ್ಯಗಳದ್ದು.

ಊರಿನ ಹೆಸರನ್ನೂ ಅವರು ಹೇಳಿದ್ದಾರೆ: ಸಹ್ಯ ಪರ್ವತದ ಬಳಿಯ ವಿಜ್ಜಡವಿಡ. ಆದರೆ ಕೈಬರಹದ ಪ್ರತಿಯಿಂದ ಪ್ರತಿಗೆ ಇಳಿಯುವಾಗ ಈ ಹೆಸರಿನ ಅಕ್ಷರಗಳು ಬದಲಾಗಿವೆ. ಕೆಲವು ಕಡೆ ವಿಜ್ಜಲವಿಡ ಎಂದಿದೆ. ಹೀಗಾಗಿ ಅದು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ. ಮಹಾರಾಷ್ಟ್ರದ ಬೀಡ್ ಎನ್ನುವವರಿದ್ದಾರೆ. ಚಾಳೀಸಗಾಂವ್ ಬಳಿಯ ಪಾಟಣದ ಆಸುಪಾಸು ಎನ್ನುವವರೂ ಇದ್ದಾರೆ. ವಿಜಯಪುರ ಸಹ್ಯಾದ್ರಿಯಿಂದ ಬಹಳ ದೂರ ಎಂಬುದು ಮೊದಲ ವಾದಕ್ಕೆ ಇರುವ ತೊಡಕು. ಅವರು ವಿಜಯಪುರದವರು ಎಂದು ಖಚಿತ ದನಿಯಲ್ಲಿ ಹೇಳುವ ಫಾರ್ವರ್ಡ್ ಬಂದರೆ, ಅದು ಹಲವು ವಾದಗಳಲ್ಲಿ ಒಂದು ಎಂದು ತಿಳಿದಿರಲಿ.

ಇಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಬರಹವೊಂದು ಕೈಯಿಂದ ಕೈಗೆ ಹೋಗುವಾಗ ಒಂದು ಅಕ್ಷರ ಬದಲಾದರೂ ಅದನ್ನು ಹಿಡಿಯುವ ಉಪಾಯ ಓಲೆಗರಿಯ ಕಾಲದಲ್ಲಿ ಇರಲಿಲ್ಲ. ಡಿಜಿಟಲ್ ಸಹಿ ಮಾಡುವ ಕೆಲಸಗಳಲ್ಲಿ ಇದೇ ಮುಖ್ಯವಾದದ್ದು. ಎರಡನೆಯದು, ಸಹ್ಯಾದ್ರಿಯ ಬಳಿ ಎನ್ನುವುದು ಒರಟು ವಿಳಾಸ. ಆ ಸಾಲಿನಲ್ಲಿ ನಾಸಿಕವೂ ಇದೆ, ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗಳೂ ಇವೆ. ಮಳೆ ಬೆಳೆಯ ಬಗ್ಗೆ ತಿಳಿಯಲು ಅಷ್ಟು ವಿಳಾಸ ಸಾಕು. ಒಬ್ಬರ ಮನೆ ಬಾಗಿಲು ತಟ್ಟಲು ಸಾಲದು. ಈ ವ್ಯತ್ಯಾಸ ಮುಂದೆ ನಮಗೆ ಬೇಕಾಗುತ್ತದೆ.

36ರ ವಯಸ್ಸಿನ ದೊಡ್ಡ ಪುಸ್ತಕ

1150ರಲ್ಲಿ ಮುಗಿದ ಆ ಪುಸ್ತಕ ಸಿದ್ಧಾಂತ ಶಿರೋಮಣಿ. ಅದಕ್ಕೆ ನಾಲ್ಕು ಭಾಗ. ಲೀಲಾವತಿ ಅಂಕಗಣಿತ ಮತ್ತು ಅಳತೆಗಳಿಗೆ, ಬೀಜಗಣಿತ ಗೊತ್ತಿಲ್ಲದ ಸಂಖ್ಯೆಗಳನ್ನು ಹುಡುಕುವುದಕ್ಕೆ, ಗ್ರಹಗಣಿತ ಮತ್ತು ಗೋಲಾಧ್ಯಾಯ ಆಕಾಶದ ಲೆಕ್ಕಕ್ಕೆ. ಪದ್ಯದಲ್ಲಿ ಬರೆದು, ಓದುಗರಿಗೆ ಕಷ್ಟವಾಗಬಾರದೆಂದು ವಾಸನಾಭಾಷ್ಯ ಎಂಬ ವಿವರಣೆಯನ್ನೂ ತಾವೇ ಸೇರಿಸಿದರು. ಉತ್ತರ ಹೇಳಿ ಬಿಡದೆ, ಅದು ಹೇಗೆ ಬಂತು ಎಂದು ವಿವರಿಸುವುದು ಅವರ ಸ್ವಭಾವ.

ಗುರುತ್ವಾಕರ್ಷಣೆಯ ಫಾರ್ವರ್ಡ್‌ನಲ್ಲಿ ಅರ್ಧ ಸತ್ಯವಿದೆ. ಭೂಮಿ ಭಾರವಾದ ವಸ್ತುಗಳನ್ನು ತನ್ನ ಕಡೆಗೆ ಎಳೆಯುತ್ತದೆ ಎಂಬ ಮಾತು ಗೋಲಾಧ್ಯಾಯದಲ್ಲಿ ಇದೆ. ಆದರೆ ಆ ಎಳೆತ ದೂರಕ್ಕೆ ತಕ್ಕಂತೆ ಎಷ್ಟು ಕಡಿಮೆಯಾಗುತ್ತದೆ, ಅದೇ ಬಲ ಚಂದ್ರನನ್ನೂ ಹೇಗೆ ಹಿಡಿದಿಡುತ್ತದೆ ಎಂಬ ಸೂತ್ರ ಅಲ್ಲಿಲ್ಲ. ಅದು ನ್ಯೂಟನ್ ಅವರ ಕೆಲಸ.

ಭಾಸ್ಕರಾಚಾರ್ಯರ ನಿಜವಾದ ಎತ್ತರ ಕಾಣುವುದು ಲೆಕ್ಕದಲ್ಲಿ. ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಇನ್ನೊಂದು ಸಂಖ್ಯೆಯ ವರ್ಗ ಬರಬೇಕು, ಆ ಎರಡು ಸಂಖ್ಯೆ ಯಾವುವು? ಕೇಳಲು ಸುಲಭ. ಅತಿ ಚಿಕ್ಕ ಉತ್ತರವೇ 226153980 ಮತ್ತು 1766319049. ಚಕ್ರವಾಲ ಎಂಬ ವಿಧಾನದಿಂದ ಅವರು ಇದನ್ನು ಬಿಡಿಸಿದ್ದರು. ಇದೇ 61ರ ಪ್ರಶ್ನೆಯನ್ನು ಫ್ರಾನ್ಸಿನ ಫರ್ಮಾ 1657ರಲ್ಲಿ ಯುರೋಪಿನ ಗಣಿತಜ್ಞರಿಗೆ ಸವಾಲಾಗಿ ಹಾಕಿದರು. ಭಾಸ್ಕರಾಚಾರ್ಯರ ಪುಸ್ತಕಕ್ಕೆ ಆಗ ಐನೂರು ವರ್ಷ ದಾಟಿತ್ತು.

ಕುಟ್ಟಕ ಎಂದರೆ ಕುಟ್ಟುವುದು

ಹೆಸರು ಸಂಸ್ಕೃತದ್ದಾದರೂ ಕನ್ನಡದವರಿಗೆ ಅರ್ಥ ಹೇಳಬೇಕಾಗಿಲ್ಲ. ದೊಡ್ಡ ಸಂಖ್ಯೆಗಳನ್ನು ಒರಳಿಗೆ ಹಾಕಿ ಕುಟ್ಟಿದ ಹಾಗೆ, ಒಂದನ್ನು ಇನ್ನೊಂದರಿಂದ ಭಾಗಿಸಿ, ಉಳಿದ ಶೇಷದಿಂದ ಮತ್ತೆ ಭಾಗಿಸಿ, ಪುಡಿಪುಡಿಯಾಗುವ ತನಕ ಚಿಕ್ಕದು ಮಾಡುವುದು. ನಂತರ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಉತ್ತರ ಕಟ್ಟುವುದು. ಈ ವಿಧಾನ 499ರ ಆರ್ಯಭಟೀಯದಲ್ಲೇ ಇದೆ. ಒಂದನ್ನೊಂದು ಭಾಗಿಸುತ್ತಾ ಹೋಗುವ ಮೊದಲ ಅರ್ಧ ಗ್ರೀಸಿನ ಯೂಕ್ಲಿಡ್‌ಗೂ ಗೊತ್ತಿತ್ತು. ಭಾಸ್ಕರಾಚಾರ್ಯರು ಇದನ್ನು ಲೀಲಾವತಿಯಲ್ಲೂ ಬೀಜಗಣಿತದಲ್ಲೂ ವಿದ್ಯಾರ್ಥಿಗೆ ಅರ್ಥವಾಗುವ ಹಾಗೆ ಬಿಡಿಸಿಟ್ಟರು.

ಅವರ ಒಂದು ಲೆಕ್ಕ ಹೀಗಿದೆ: 221ನ್ನು ಯಾವ ಸಂಖ್ಯೆಯಿಂದ ಗುಣಿಸಿ 65 ಕೂಡಿಸಿದರೆ 195ರಿಂದ ಶೇಷವಿಲ್ಲದೆ ಭಾಗವಾಗುತ್ತದೆ? ಉತ್ತರ 5. 221 × 5 = 1105. ಅದಕ್ಕೆ 65 ಸೇರಿದರೆ 1170. ಅದು 195ರ ಆರು ಪಟ್ಟು.

ಇದನ್ನೇ ನಮ್ಮ ಕಡೆಯ ಅಡಿಕೆ ಲೆಕ್ಕವಾಗಿ ಹೇಳೋಣ. ಒಂದು ಬುಟ್ಟಿಯ ಅಡಿಕೆಯನ್ನು ಮೂವರಿಗೆ ಸಮ ಪಾಲು ಮಾಡಿದರೆ ಏನೂ ಉಳಿಯುವುದಿಲ್ಲ. ಇಪ್ಪತ್ತಿಪ್ಪತ್ತರ ರಾಶಿ ಹಾಕಿದರೆ ಒಂದೇ ಒಂದು ಉಳಿಯುತ್ತದೆ. ಹಾಗಾದರೆ ಒಬ್ಬೊಬ್ಬರಿಗೆ ಕನಿಷ್ಠ ಎಷ್ಟು ಅಡಿಕೆ? ಉತ್ತರ 7. ಮೂರು ಏಳಲೆ ಇಪ್ಪತ್ತೊಂದು, ಅಂದರೆ 20 ಮತ್ತು 1. ಇಷ್ಟು ಚಿಕ್ಕ ಲೆಕ್ಕವನ್ನು ಬೆರಳಿನಲ್ಲಿ ಎಣಿಸಬಹುದು. ಆರುನೂರು ಅಂಕಿಗಳ ಸಂಖ್ಯೆ ಕೊಟ್ಟರೂ ಕುಟ್ಟಕ ಉತ್ತರವನ್ನು ಬೇಗ ಕೊಡುತ್ತದೆ. ಈ 3, 20, 7 ನೆನಪಿರಲಿ.

ಲೀಲಾವತಿಯ ಕಥೆ: ನಿಜವೇನು?

ಈಗ ಮುತ್ತಿನ ಕಥೆ. ಮಗಳಿಗೆ ಮದುವೆಯ ಯೋಗವಿಲ್ಲ ಎಂದು ತಂದೆಗೆ ಜಾತಕದಿಂದ ತಿಳಿಯುತ್ತದೆ. ಒಂದೇ ಒಂದು ಶುಭ ಗಳಿಗೆ ಸಿಗುತ್ತದೆ. ಅದನ್ನು ಅಳೆಯಲು ನೀರಿನ ಗಡಿಯಾರ ಇಡುತ್ತಾರೆ. ಕುತೂಹಲದಿಂದ ಬಗ್ಗಿ ನೋಡಿದ ಹುಡುಗಿಯ ಉಡುಪಿನ ಮುತ್ತೊಂದು ಬಟ್ಟಲಿಗೆ ಬಿದ್ದು ತೂತನ್ನು ಮುಚ್ಚುತ್ತದೆ. ಮುಹೂರ್ತ ಮೀರುತ್ತದೆ. ಅವಳ ಹೆಸರು ಉಳಿಯಲೆಂದು ತಂದೆ ಪುಸ್ತಕಕ್ಕೆ ಲೀಲಾವತಿ ಎಂದು ಹೆಸರಿಡುತ್ತಾರೆ.

ಈ ಕಥೆ ಭಾಸ್ಕರಾಚಾರ್ಯರ ಪುಸ್ತಕದಲ್ಲಿ ಎಲ್ಲೂ ಇಲ್ಲ. ಇದು ಬರಹದಲ್ಲಿ ಸಿಗುವುದು ಅಕ್ಬರನ ಆಸ್ಥಾನ ಕವಿ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದ ಮುನ್ನುಡಿಯಲ್ಲಿ. ಪುಸ್ತಕ ಬರೆದು ಆಗ 437 ವರ್ಷ ಕಳೆದಿತ್ತು. ಮೂಲದಲ್ಲಿ ಲೆಕ್ಕ ಕೇಳುವಾಗ ಕೆಲವೊಮ್ಮೆ ಲೀಲಾವತಿ ಎಂಬ ಸಂಬೋಧನೆ ಇದೆ, ಕೆಲವೊಮ್ಮೆ ಬಾಲೆ, ಕೆಲವೊಮ್ಮೆ ಗೆಳೆಯ, ಕೆಲವೊಮ್ಮೆ ವ್ಯಾಪಾರಿ. ಅವಳು ಮಗಳು ಎಂಬುದಕ್ಕೆ ಆಧಾರವಿಲ್ಲ.

ಕಥೆ ಸುಂದರವಾಗಿದೆ, ಹಂಚಿಕೊಂಡರೆ ಏನು ತಪ್ಪು ಎಂದು ಕೇಳಬಹುದು. ಸ್ವಲ್ಪ ಯೋಚಿಸಿ. ಪುಸ್ತಕದಲ್ಲಿ ಒಂದು ಹೆಸರು ಇತ್ತು. ಆ ಹೆಸರಿಗೆ ಜಾತಕ, ನಿಂತುಹೋದ ಮದುವೆ, ಒಂಟಿ ಬದುಕು ಎಲ್ಲವನ್ನೂ ಬೇರೆಯವರು ಅಂಟಿಸಿದರು. ಇಂದಿಗೂ ಲೀಲಾವತಿ ಎಂದರೆ ಜನರಿಗೆ ನೆನಪಾಗುವುದು ಲೆಕ್ಕವಲ್ಲ, ಮುತ್ತು. ಒಂದು ಹೆಸರು ಬಯಲಿಗೆ ಬಿದ್ದರೆ ಅದಕ್ಕೆ ಏನೆಲ್ಲ ಅಂಟಿಕೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ಬೇಕಿಲ್ಲ.

ಕೊನೆಯ ಪುಸ್ತಕ, ಕಲ್ಲಿನ ಸಾಕ್ಷಿ

69ನೇ ವಯಸ್ಸಿನಲ್ಲಿ, 1183ರಲ್ಲಿ, ಅವರು ಕರಣ ಕುತೂಹಲ ಬರೆದರು. ಗ್ರಹಗಳ ಸ್ಥಾನವನ್ನು ಸುಲಭವಾಗಿ ಲೆಕ್ಕ ಹಾಕಲು ಪಂಚಾಂಗ ಮಾಡುವವರಿಗೆ ಬೇಕಾದ ಕೈಪಿಡಿ ಇದು. ದೊಡ್ಡ ಸಿದ್ಧಾಂತ ಬರೆದವರು ದಿನಬಳಕೆಯವರನ್ನು ಮರೆಯಲಿಲ್ಲ.

ಅವರ ಮನೆತನದ ಬಗ್ಗೆ ನಮಗೆ ಗಟ್ಟಿ ಸಾಕ್ಷಿ ಸಿಗುವುದು ಪಾಟಣದ ಕಲ್ಲಿನ ಶಾಸನದಿಂದ. 1207ರ ಈ ಶಾಸನವನ್ನು ವಿದ್ವಾಂಸ ಭಾವು ದಾಜಿ 1865ರಲ್ಲಿ ಪ್ರಕಟಿಸಿದರು. ತ್ರಿವಿಕ್ರಮನಿಂದ ಶುರುವಾಗುವ ವಂಶಾವಳಿ ಅದರಲ್ಲಿದೆ. ಮಗ ಲಕ್ಷ್ಮೀಧರ ಸೇವುಣ ಅರಸ ಜೈತ್ರಪಾಲನ ಆಸ್ಥಾನ ಸೇರಿದರು. ಮೊಮ್ಮಗ ಚಂಗದೇವ ಸಿಂಘಣನ ಆಸ್ಥಾನದಲ್ಲಿ ಮುಖ್ಯ ಜ್ಯೋತಿಷಿಯಾದರು. ಅಜ್ಜನ ಪುಸ್ತಕಗಳನ್ನು ಕಲಿಸಲು ಚಂಗದೇವ ಕಟ್ಟಿಸಿದ ಮಠದ ದಾಖಲೆಯೇ ಈ ಶಾಸನ.

ಓಲೆಗರಿಯಲ್ಲಿ ಊರಿನ ಹೆಸರು ಕದಲಿತು. ಕಲ್ಲಿನಲ್ಲಿ ಕೆತ್ತಿದ ವಂಶಾವಳಿ ಕದಲಲಿಲ್ಲ. ತಿದ್ದಲಾಗದ ಗುರುತಿಗೆ ಆ ಕಾಲ ಕಂಡುಕೊಂಡ ಉಪಾಯ ಕಲ್ಲು. ಆದರೆ ಕಲ್ಲಿನ ಮೇಲೆ ಹೆಸರಿಲ್ಲದೆ ಗುರುತು ಇಲ್ಲ. ನಂಬಿಕೆ ಬೇಕಾದರೆ ಹೆಸರು ಹೇಳಲೇಬೇಕು ಎಂಬ ಈ ಕಟ್ಟನ್ನು ಬಿಡಿಸಿದ್ದು 20ನೇ ಶತಮಾನ.

ಪಹಣಿಯ ಮೇಲಿನ ಸಹಿ ಚಿತ್ರವಲ್ಲ

ಡಿಜಿಟಲ್ ಸಹಿ ಎಂದರೆ ಸ್ಕ್ಯಾನ್ ಮಾಡಿದ ಸಹಿಯ ಫೋಟೊ ಎಂದು ಹಲವರು ತಿಳಿದಿದ್ದಾರೆ. ಇದು ತಪ್ಪು. ಫೋಟೊವನ್ನು ಯಾರು ಬೇಕಾದರೂ ಕತ್ತರಿಸಿ ಇನ್ನೊಂದು ಕಾಗದಕ್ಕೆ ಅಂಟಿಸಬಹುದು. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಲ್ಲಿ ಬಳಸುವ ಡಿಜಿಟಲ್ ಸಹಿ ಒಂದು ದೊಡ್ಡ ಸಂಖ್ಯೆ. ಅದು ಆ ದಾಖಲೆಯ ಅಕ್ಷರಗಳಿಂದಲೇ ಲೆಕ್ಕ ಹಾಕಿ ಬಂದದ್ದು. ದಾಖಲೆಯಲ್ಲಿ ಒಂದು ಗುಂಟೆ ತಿದ್ದಿದರೂ ಸಹಿ ತಾಳೆಯಾಗುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ಇಂಥ ಸಹಿಗೆ ಕಾನೂನಿನ ಬೆಲೆ ಕೊಟ್ಟಿದೆ.

ಇದರ ಗಣಿತ ಹಲವರ ಕೊಡುಗೆ. ಘಾತಗಳ ಶೇಷದ ಬಗ್ಗೆ ಬೇಕಾದ ನಿಯಮವನ್ನು 18ನೇ ಶತಮಾನದಲ್ಲಿ ಆಯ್ಲರ್ ಸಾಧಿಸಿದರು. ಡಿಜಿಟಲ್ ಸಹಿಯ ಕಲ್ಪನೆಯನ್ನು 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಮುಂದಿಟ್ಟರು. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್ಮನ್ ಎಂಬ ಮೂವರು ಅದನ್ನು ಮಾಡಿ ತೋರಿಸಿದರು. ಅವರ ವಿಧಾನದಲ್ಲಿ ಗುಟ್ಟಿನ ಕೀಲಿಯನ್ನು ಕಂಡುಹಿಡಿಯುವ ಹೆಜ್ಜೆ ಕುಟ್ಟಕದ ಲೆಕ್ಕವೇ. ಹಾಗೆಂದು ಭಾಸ್ಕರಾಚಾರ್ಯರೇ ಡಿಜಿಟಲ್ ಸಹಿ ಕಂಡುಹಿಡಿದರು ಎಂದು ಯಾರಾದರೂ ಬರೆದರೆ ಅದು ಸುಳ್ಳು. ಒರಳು ಮಾಡಿದವರು ಒಬ್ಬರು, ಅದರಲ್ಲಿ ಹೊಸ ಮಸಾಲೆ ಅರೆದವರು ಇನ್ನೊಬ್ಬರು.

ಚಿಕ್ಕ ಸಂಖ್ಯೆಯಲ್ಲಿ ನೋಡೋಣ. 3 ಮತ್ತು 11 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಕಚೇರಿಯೊಂದು ಗುಟ್ಟಾಗಿ ಆರಿಸಿಕೊಳ್ಳುತ್ತದೆ. ಗುಣಿಸಿದರೆ 33. ಇದು ಎಲ್ಲರಿಗೂ ಗೊತ್ತಿರಲಿ. ಒಂದೊಂದು ಕಳೆದು ಗುಣಿಸಿದರೆ 2 × 10, ಅಂದರೆ 20. ಇದು ಗುಟ್ಟು. ಎಲ್ಲರಿಗೂ ಗೊತ್ತಿರುವ ಕೀಲಿ 3. ಕಚೇರಿಯ ಗುಟ್ಟಿನ ಕೀಲಿ ಯಾವುದು? ಅಡಿಕೆಯ ಲೆಕ್ಕದಲ್ಲಿ ಬಂದ 7.

ಕಚೇರಿ ಒಂದು ಸಂಖ್ಯೆಗೆ ಸಹಿ ಹಾಕುವುದೆಂದರೆ ಅದನ್ನು ಏಳು ಸಲ ಇಟ್ಟು ಗುಣಿಸಿ, 33ರಿಂದ ಭಾಗಿಸಿ ಶೇಷ ಬರೆಯುವುದು. ಸಹಿಯನ್ನು ಪರೀಕ್ಷಿಸುವವರು ಅದನ್ನು ಮೂರು ಸಲ ಇಟ್ಟು ಗುಣಿಸಿ ಹಾಗೆಯೇ ಶೇಷ ನೋಡಿದರೆ ಮೊದಲಿನ ಸಂಖ್ಯೆ ವಾಪಸು ಬರಬೇಕು. ಮೂರರ ಕೆಲಸವನ್ನು ಏಳು ಬಿಡಿಸುತ್ತದೆ, ಏಳರ ಕೆಲಸವನ್ನು ಮೂರು. ನಿಜ ಜೀವನದಲ್ಲಿ 33ರ ಜಾಗದಲ್ಲಿ 617 ಅಂಕಿಗಳ ಸಂಖ್ಯೆ ಇರುತ್ತದೆ. ಅದನ್ನು ಒಡೆದು ಗುಟ್ಟಿನ ಅವಿಭಾಜ್ಯಗಳನ್ನು ಹುಡುಕಲು ಇವತ್ತಿನ ಕಂಪ್ಯೂಟರ್‌ಗಳಿಗೆ ಸಾಧ್ಯವಾಗಿಲ್ಲ.

ಆಕಾಶದ ಭಾಸ್ಕರ, ಜೇಬಿನ ಮೊಬೈಲ್

1979ರ ಜೂನ್ 7ರಂದು ಸೋವಿಯತ್ ಒಕ್ಕೂಟದಿಂದ ಹಾರಿದ ಇಸ್ರೋ ಉಪಗ್ರಹದ ಹೆಸರು ಭಾಸ್ಕರ. ನಮ್ಮ ಭಾಸ್ಕರಾಚಾರ್ಯರು ಮತ್ತು ಅವರಿಗಿಂತ ಐನೂರು ವರ್ಷ ಹಿಂದಿನ ಇನ್ನೊಬ್ಬ ಭಾಸ್ಕರ, ಇಬ್ಬರ ನೆನಪಿಗೂ ಇಟ್ಟ ಹೆಸರು ಅದು. ಐನೂರಕ್ಕೂ ಹೆಚ್ಚು ಕಿಲೋಮೀಟರ್ ಮೇಲಿನಿಂದ ಕಾಡು, ನೀರು, ಕಡಲನ್ನು ನೋಡುವುದು ಅದರ ಕೆಲಸ.

ಈಗ ಅಂಥ ನೋಟ ನಮ್ಮ ಜೇಬಿನಲ್ಲೇ ಇದೆ. ಮೊಬೈಲ್‌ಗೆ ತಾನು ಎಲ್ಲಿದೆ ಎಂದು ಗೊತ್ತು, ಅಲುಗಾಡಿದರೆ ಗೊತ್ತು, ಸದ್ದು ಗೊತ್ತು. ಬಸ್ಸಿನಲ್ಲಿ ಕೂತವರ ಮೊಬೈಲ್‌ಗಳ ಕುಲುಕಾಟದಿಂದ ರಸ್ತೆಯ ಗುಂಡಿ ಎಲ್ಲಿದೆ ಎಂದು ನಕ್ಷೆ ಮಾಡಬಹುದು. ಸಾವಿರಾರು ಜನ ತಮ್ಮ ಮೊಬೈಲ್‌ನಿಂದ ಹೀಗೆ ಮಾಹಿತಿ ಕೊಡುವುದನ್ನು ಮೊಬೈಲ್ ಸೆನ್ಸಿಂಗ್ ಎನ್ನುತ್ತಾರೆ. ವ್ಯತ್ಯಾಸ ಇಷ್ಟೇ: ಆಕಾಶದ ಭಾಸ್ಕರ ನೋಡಿದ್ದು ನೆಲವನ್ನು. ಜೇಬಿನ ಮೊಬೈಲ್ ನೆಲದ ಜೊತೆಗೆ ನಿಮ್ಮನ್ನೂ ನೋಡುತ್ತದೆ.

ಸಾಗರ ಸೀಮೆಯಲ್ಲಿ ಇದರ ಬೆಲೆ ಏನು ಎಂದು ತಿಳಿಯಲು ಮಂಗನ ಕಾಯಿಲೆಯನ್ನು ನೆನೆಯಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಇದು. ಉಣುಗಿನಿಂದ ಹರಡುತ್ತದೆ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಹಲವರ ಜೀವ ತೆಗೆಯಿತು. ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಬೇಗ ತಲುಪಿದರೆ ಆ ಜಾಗಕ್ಕೆ ಹೋಗದಂತೆ ಜನರನ್ನು ಎಚ್ಚರಿಸಬಹುದು.

ಇದಕ್ಕಾಗಿ ಒಂದು ಆ್ಯಪ್ ಇದೆ ಎಂದು ಊಹಿಸಿಕೊಳ್ಳಿ. ಸತ್ತ ಮಂಗ ಕಂಡ ಜಾಗ, ಉಣುಗು ಕಚ್ಚಿದ ಜಾಗವನ್ನು ಮೊಬೈಲ್‌ನಿಂದ ಕಳಿಸಬೇಕು. ಕಾಡಿನೊಳಗೆ ಹೋಗುವವರು ಯಾರು? ತೋಟಕ್ಕೆ ದರಗು ತರುವವರು, ಉರುವಲು ಆಯುವವರು, ದನ ಮೇಯಿಸುವವರು, ಬಗರ್‌ಹುಕುಂ ಜಮೀನಿನ ಕಡೆ ಓಡಾಡುವವರು. ತಮ್ಮ ಹೆಸರಿನ ಜೊತೆ ಕಾಡಿನ ಜಾಗ, ಹೊತ್ತು ಎಲ್ಲ ದಾಖಲಾಗುತ್ತದೆ ಎಂದರೆ ಅವರು ಕಳಿಸುತ್ತಾರೆಯೇ? ಕಾಯಿಲೆ ಬಂದ ಮನೆ ಎಂಬ ಹಣೆಪಟ್ಟಿಯ ಭಯವೂ ಇದೆ. ಯಾವ ಸುದ್ದಿ ಜೀವ ಉಳಿಸಬೇಕಿತ್ತೋ ಅದು ಕಾಡಿನಲ್ಲೇ ಉಳಿಯುತ್ತದೆ.

ಈ ಭಯ ಕಲ್ಪನೆಯಲ್ಲ. 2020ರ ಮಾರ್ಚ್‌ನಲ್ಲಿ ಕರ್ನಾಟಕದಲ್ಲಿ ಮನೆಯಲ್ಲೇ ಕ್ವಾರಂಟೈನ್ ಆಗಿದ್ದವರ ವಿಳಾಸದ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿತು. ಅದು ವಾಟ್ಸಾಪ್‌ನಲ್ಲಿ ಊರೂರು ಸುತ್ತಿತು. ಅದೇ ತಿಂಗಳು ಕ್ವಾರಂಟೈನ್ ವಾಚ್ ಆ್ಯಪ್ ಮೂಲಕ, ಮಲಗುವ ಹೊತ್ತು ಬಿಟ್ಟು, ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು ಹೇಳಲಾಯಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದೇ ಹೇಳಿತ್ತು. ಆ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಹೆಸರು ತೆಗೆದರೆ ಸಾಕೇ?

ಹೆಸರು, ಫೋನ್ ನಂಬರ್ ಅಳಿಸಿಬಿಟ್ಟರೆ ಆಯಿತಲ್ಲ ಎನ್ನುವುದು ಸಾಮಾನ್ಯ ನಂಬಿಕೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಪರೀಕ್ಷಿಸಿತು. 15 ಲಕ್ಷ ಮೊಬೈಲ್ ಬಳಕೆದಾರರ 15 ತಿಂಗಳ ಓಡಾಟದ ದಾಖಲೆಯಲ್ಲಿ ಹೆಸರು ಇರಲಿಲ್ಲ. ಆದರೂ ಒಬ್ಬರು ಯಾವ ಹೊತ್ತಿನಲ್ಲಿ ಎಲ್ಲಿದ್ದರು ಎಂಬ ನಾಲ್ಕೇ ಬಿಂದುಗಳು ಗೊತ್ತಿದ್ದರೆ ನೂರರಲ್ಲಿ 95 ಜನರ ದಾಖಲೆಯನ್ನು ಬೇರೆ ಎಲ್ಲರಿಂದ ಬೇರ್ಪಡಿಸಬಹುದಿತ್ತು.

ಅದು ಲಕ್ಷಾಂತರ ಜನರ ನಡುವಿನ ಮಾತು. ತಾಳಗುಪ್ಪದಂಥ ಊರಿನಲ್ಲಿ ಇದು ಇನ್ನೂ ಸುಲಭ. ರೈಲು ಮಾರ್ಗದ ಕೊನೆಯ ನಿಲ್ದಾಣದಲ್ಲಿ ಬೆಳಿಗ್ಗೆ ರೈಲು ಹತ್ತಿದ ಒಂದು ಚುಕ್ಕೆ ಸಾಗರದಲ್ಲಿ ಇಳಿದು ಒಂದು ಅಂಗಡಿಯಲ್ಲಿ ಸಂಜೆ ತನಕ ನಿಂತು, ರಾತ್ರಿ ಒಂದು ಕೇರಿಯ ಕೊನೆಯ ಮನೆಗೆ ಮರಳಿತು ಎನ್ನಿ. ಹೆಸರನ್ನು ಕಂಪ್ಯೂಟರ್ ಹೇಳಬೇಕಿಲ್ಲ, ಕಟ್ಟೆಯ ಮೇಲೆ ಕೂತವರೇ ಹೇಳುತ್ತಾರೆ.

ಇನ್ನೊಂದು ಕಡೆಯ ತೊಂದರೆಯೂ ಇದೆ. ಯಾರು ಕಳಿಸಿದರು ಎಂದು ನೋಡದೇ ಇದ್ದರೆ, ಯಾರೋ ಒಬ್ಬರು ಕುಳಿತಲ್ಲೇ ಐವತ್ತು ಸುಳ್ಳು ವರದಿ ಕಳಿಸಬಹುದು. ಆಗ ನಿಜ ವರದಿಗೂ ಬೆಲೆ ಇರುವುದಿಲ್ಲ. ನಂಬಿಕೆಯೂ ಬೇಕು, ಹೆಸರೂ ಬೇಡ. ಇದು ಹೇಗೆ?

ಕಣ್ಣುಮುಚ್ಚಿ ಹಾಕುವ ಸಹಿ

ಉತ್ತರ ಕೊಟ್ಟವರಲ್ಲಿ ಮೊದಲಿಗರು ಡೇವಿಡ್ ಚಾಮ್. 1982ರಲ್ಲಿ ಅವರು ಮುಂದಿಟ್ಟ ಉಪಾಯ ಕುರುಡು ಸಹಿ. ಅಂಗಡಿ ರಸೀದಿಯ ಕಾರ್ಬನ್ ಹಾಳೆಯನ್ನು ನೆನೆಸಿಕೊಳ್ಳಿ. ಒಂದು ಚೀಟಿಯಲ್ಲಿ ನೀವೇ ಒಂದು ಗುಟ್ಟಿನ ಸಂಖ್ಯೆ ಬರೆದು, ಕಾರ್ಬನ್ ಜೊತೆ ಲಕೋಟೆಗೆ ಹಾಕಿ ಮುಚ್ಚುತ್ತೀರಿ. ಕಚೇರಿಯವರು ನೀವು ಯಾರೆಂದು ನೋಡಿ, ಲಕೋಟೆಯ ಮೇಲೆ ಸಹಿ ಮಾಡುತ್ತಾರೆ. ಸಹಿ ಒಳಗಿನ ಚೀಟಿಗೂ ಇಳಿಯುತ್ತದೆ. ಒಳಗಿನ ಸಂಖ್ಯೆ ಅವರಿಗೆ ಕಾಣುವುದಿಲ್ಲ. ಮುಂದೊಂದು ದಿನ ಚೀಟಿ ಮಾತ್ರ ಬಂದರೆ, ಸಹಿ ತಮ್ಮದೇ ಎಂದು ಅವರಿಗೆ ಗೊತ್ತಾಗುತ್ತದೆ, ಅದನ್ನು ತಂದವರು ಯಾರೆಂದು ಗೊತ್ತಾಗುವುದಿಲ್ಲ.

ಲೆಕ್ಕದಲ್ಲಿ ಮಾಡಿ ನೋಡೋಣ. ನಿಮ್ಮ ಚೀಟಿಯ ಸಂಖ್ಯೆ 9. ಮುಚ್ಚಲು ನೀವು ಆರಿಸಿದ ಮುಸುಕು 2. ಎಲ್ಲರಿಗೂ ಗೊತ್ತಿರುವ ಕೀಲಿ 3 ಆದ್ದರಿಂದ ಮುಸುಕನ್ನು ಮೂರು ಸಲ ಇಟ್ಟು ಗುಣಿಸಿ: 2 × 2 × 2 = 8. ಅದನ್ನು 9ರಿಂದ ಗುಣಿಸಿದರೆ 72. 33ರಿಂದ ಭಾಗಿಸಿದರೆ ಶೇಷ 6. ಕಚೇರಿಗೆ ಕಾಣುವುದು ಈ 6 ಮಾತ್ರ.

ಕಚೇರಿ 6ನ್ನು ಏಳು ಸಲ ಇಟ್ಟು ಗುಣಿಸುತ್ತದೆ: 279936. 33ರಿಂದ ಭಾಗಿಸಿದರೆ ಶೇಷ 30. ಇದೇ ಅವರ ಸಹಿ. ನೀವು ಮನೆಗೆ ಬಂದು ಮುಸುಕು ತೆಗೆಯುತ್ತೀರಿ: 30ನ್ನು 2ರಿಂದ ಭಾಗಿಸಿದರೆ 15. ಪರೀಕ್ಷಿಸಿ: 15 × 15 × 15 = 3375. 33ರಿಂದ ಭಾಗಿಸಿದರೆ ಶೇಷ 9. ನಿಮ್ಮ ಚೀಟಿಯ ಸಂಖ್ಯೆ ವಾಪಸು ಬಂತು. ಅಂದರೆ 15 ಎಂಬುದು 9ಕ್ಕೆ ಕಚೇರಿಯ ನಿಜವಾದ ಸಹಿ. ಆದರೆ ಕಚೇರಿ 9ನ್ನೂ ಕಂಡಿಲ್ಲ, 15ನ್ನೂ ಕಂಡಿಲ್ಲ. ಮೂರು ಸಲ ಗುಣಿಸಿದ ಮುಸುಕನ್ನು ಏಳು ಬಿಡಿಸಿದ್ದರಿಂದಲೇ ಕೊನೆಗೆ ಬರಿಯ 2 ಉಳಿದದ್ದು. ಅದರ ಹಿಂದೆ ಇರುವುದು ಮೂರು ಏಳಲೆ ಇಪ್ಪತ್ತೊಂದು ಎಂಬ ಕುಟ್ಟಕ.

ನಮ್ಮ ಊಹೆಯ ಆ್ಯಪ್‌ಗೆ ಇದನ್ನು ಅಳವಡಿಸಿದರೆ, ಪ್ರತಿಯೊಬ್ಬರಿಗೂ ವಾರಕ್ಕೆ ಇಷ್ಟೇ ಚೀಟಿ ಎಂದು ಮಿತಿ ಇಡಬಹುದು. ಒಂದು ಚೀಟಿಗೆ ಒಂದೇ ವರದಿ. ಐವತ್ತು ಸುಳ್ಳು ವರದಿಗೆ ದಾರಿ ಇಲ್ಲ. ದರಗು ತರಲು ಹೋದವರ ಹೆಸರೂ ಯಾರ ಕಡತದಲ್ಲೂ ಇಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ಬಗೆ ಗುಂಪು ಸಹಿ. ಚಾಮ್ ಮತ್ತು ವಾನ್ ಹೇಸ್ಟ್ 1991ರಲ್ಲಿ ಇದನ್ನು ತಂದರು. ಸಹಿ ನೋಡಿದರೆ ಗುಂಪಿನ ಯಾರೋ ಒಬ್ಬರು ಹಾಕಿದ್ದು ಎಂದಷ್ಟೇ ತಿಳಿಯುತ್ತದೆ. ಆದರೆ ಗುಂಪಿನ ಮೇಲ್ವಿಚಾರಕರು ಬೇಕೆಂದರೆ ಹೆಸರನ್ನು ತೆರೆದು ನೋಡಬಹುದು. ಅಮೆರಿಕದ ಡಾರ್ಟ್ಮತ್ ಕಾಲೇಜಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅನಾನಿಸೆನ್ಸ್ ಎಂಬ ಮೊಬೈಲ್ ಸೆನ್ಸಿಂಗ್ ವ್ಯವಸ್ಥೆ ಗುಂಪು ಸಹಿಯನ್ನು ಬಳಸಿತ್ತು.

ಸಹಿಯೊಂದೇ ಕಾಪಾಡುವುದಿಲ್ಲ

ಇಲ್ಲಿ ನಾವು ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಸಹಿ ಹೆಸರನ್ನು ಮುಚ್ಚಬಹುದು. ವರದಿಯೊಳಗೆ ಮನೆಯ ನಿಖರ ಜಾಗ ಇದ್ದರೆ ಅದು ನಿಮ್ಮನ್ನು ಬಿಟ್ಟುಕೊಡುತ್ತದೆ. ಒಂದೇ ಚೀಟಿಯನ್ನು ಮತ್ತೆ ಮತ್ತೆ ಬಳಸಿದರೆ ಚುಕ್ಕೆಗಳು ಸೇರಿ ದಾರಿಯಾಗುತ್ತವೆ. ಇಡೀ ಊರಿನಲ್ಲಿ ಚೀಟಿ ಪಡೆದವರು ಮೂವರೇ ಆದರೆ ಕಳಿಸಿದವರನ್ನು ಊಹಿಸುವುದು ಕಷ್ಟವಲ್ಲ.

ಅದಕ್ಕೇ ಭಾಸ್ಕರಾಚಾರ್ಯರ ವಿಳಾಸವನ್ನು ನೆನೆಯಬೇಕು. ಉಣುಗಿನ ಎಚ್ಚರಿಕೆ ಕೊಡಲು ಯಾವ ಕಾಡಿನ ಭಾಗ ಎಂದು ತಿಳಿದರೆ ಸಾಕು. ಯಾವ ಮರದ ಬುಡ, ಎಷ್ಟು ಗಂಟೆ ಎಷ್ಟು ನಿಮಿಷ ಎಂಬುದು ಬೇಡ. ಕೆಲಸಕ್ಕೆ ಬೇಕಾದಷ್ಟು ಮಾತ್ರ ಒರಟಾಗಿ ಹೇಳುವುದು ಮತ್ತು ಹೆಸರಿಲ್ಲದ ಸಹಿ, ಇವೆರಡೂ ಜೊತೆಯಲ್ಲಿ ಇದ್ದರೇ ರಕ್ಷಣೆ.

ಆ್ಯಪ್ ಹಾಕುವ ಮೊದಲು, ಫಾರ್ವರ್ಡ್ ಮಾಡುವ ಮೊದಲು

ಯಾವುದೇ ಆ್ಯಪ್ ನಿಮ್ಮಿಂದ ಮಾಹಿತಿ ಕೇಳಿದರೆ ನಾಲ್ಕು ಪ್ರಶ್ನೆ ಕೇಳಿ. ಈ ಕೆಲಸಕ್ಕೆ ನನ್ನ ಹೆಸರು ಏಕೆ ಬೇಕು? ನಿಖರ ಜಾಗ ಬೇಕೇ, ಸುಮಾರು ಜಾಗ ಸಾಕೇ? ನಿನ್ನೆಯ ವರದಿ ಮತ್ತು ಇವತ್ತಿನ ವರದಿ ಒಬ್ಬರದೇ ಎಂದು ಅವರಿಗೆ ತಿಳಿಯುತ್ತದೆಯೇ? ಹೆಸರನ್ನು ತೆರೆದು ನೋಡುವ ಅಧಿಕಾರ ಯಾರಿಗಾದರೂ ಇದೆಯೇ? ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಅನುಮತಿಯನ್ನು ಆ್ಯಪ್ ಬಳಸುವಾಗ ಮಾತ್ರ ಎಂದು ಇಡಬಹುದು. ನಿಖರ ಲೊಕೇಶನ್ ಎಂಬ ಆಯ್ಕೆಯನ್ನು ಹೊಸ ಫೋನ್‌ಗಳಲ್ಲಿ ಆರಿಸಲೂಬಹುದು.

ಇನ್ನು ಕಾಯಿಲೆಯವರ, ಆರೋಪಿಗಳ, ಸಂತ್ರಸ್ತರ ಹೆಸರು ವಿಳಾಸದ ಪಟ್ಟಿ ಗುಂಪಿನಲ್ಲಿ ಬಂದರೆ ಅಲ್ಲೇ ನಿಲ್ಲಿಸಿ. ಯಾವ ಗಣಿತವೂ ಆ ಪಟ್ಟಿಯನ್ನು ಫಾರ್ವರ್ಡ್ ಮಾಡುವ ಬೆರಳನ್ನು ತಡೆಯಲಾರದು. 2020ರ ಪಟ್ಟಿ ಹರಡಿದ್ದು ನಮ್ಮ ನಿಮ್ಮಂಥವರ ಬೆರಳಿನಿಂದಲೇ.

ಭಾಸ್ಕರಾಚಾರ್ಯರು ತಮ್ಮ ಬಗ್ಗೆ ಹೇಳಿದ್ದು ಬಹಳ ಕಡಿಮೆ: ಹುಟ್ಟಿದ ವರ್ಷ, ತಂದೆ, ಗೋತ್ರ, ಊರು, ಪುಸ್ತಕ ಬರೆದ ವಯಸ್ಸು. ತಮಗೆ ಸರಿ ಕಂಡಷ್ಟನ್ನು ತಾವೇ ಆರಿಸಿ ಹೇಳಿದರು. ಲೀಲಾವತಿಗೆ ಆ ಆಯ್ಕೆ ಸಿಗಲಿಲ್ಲ. ಕಾಡಿನ ಅಂಚಿನಲ್ಲಿ ಸತ್ತ ಮಂಗ ಕಂಡು ಮೊಬೈಲ್ ತೆಗೆಯುವವರಿಗೆ ಆ ಆಯ್ಕೆ ಸಿಗುವಂತೆ ಮಾಡಲು ಬೇಕಾದ ಲೆಕ್ಕ ನಮ್ಮ ಬಳಿ ಇದೆ. ಆ್ಯಪ್ ಮಾಡಿಸುವವರು ಅದನ್ನು ಬಳಸಿದ್ದಾರೆಯೇ ಎಂದು ಕೇಳುವುದು ನಮ್ಮ ಕೆಲಸ.